ನ್ಯೂಯಾರ್ಕಿನ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ‘ಮೇಡ್ ಇನ್ ಇಂಡಿಯಾ’ ಯಾಕೆ? ಅದರ ಕೆಳಗೆ ಏನಿದೆ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಮ್ಯಾನ್‌ಹಾಟನ್‌ನಲ್ಲಿ ಕಾಲ್ನಡಿಗೆಯಲ್ಲಿ ಸುತ್ತುವ ಯಾರ ಕಣ್ಣಿಗೂ ಬೀಳುವ ಸಂಗತಿ ಇದು. ರಸ್ತೆ ನಡುವಿನ ಬೀಡಿನ (ಎರಕದ ಕಬ್ಬಿಣದ) ಮುಚ್ಚಳಗಳಲ್ಲಿ ಎಷ್ಟೋ ಮುಚ್ಚಳಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದಿದೆ. ಅಂಥ ಶ್ರೀಮಂತ ಊರಿಗೆ ಚರಂಡಿಯ ಮುಚ್ಚಳ ನಮ್ಮಲ್ಲಿಂದ ಯಾಕೆ ಹೋಗುತ್ತದೆ? ಹೋದರೂ ಹೆಸರನ್ನು ಅಷ್ಟು ಎದ್ದು ಕಾಣುವ ಹಾಗೆ ಯಾಕೆ ಎರಕ ಹೊಯ್ಯುತ್ತಾರೆ?

ಇನ್ನೂ ಕೆಲವು ಪ್ರಶ್ನೆಗಳಿವೆ. ಕೆಲವು ಮುಚ್ಚಳಗಳಿಂದ ಹಬೆ ಏಳುತ್ತದೆ. ಚರಂಡಿ ನೀರು ಅಷ್ಟು ಬಿಸಿ ಇರುತ್ತದೆಯೇ? ಕೆಲವು ಮುಚ್ಚಳಗಳಿಗೆ ಜರಡಿಯ ಹಾಗೆ ತುಂಬ ತೂತು, ಕೆಲವಕ್ಕೆ ಅಂಚಿನಲ್ಲಿ ಒಂದೋ ಎರಡೋ. ಅಲ್ಲಿನ ಚರಂಡಿಗಳಲ್ಲಿ ಕೆಲವು 150 ವರ್ಷ ಹಳೆಯವಂತೆ. ಇಟ್ಟಿಗೆಯ ಕೊಳವೆ ಅಷ್ಟು ವರ್ಷ ಹೇಗೆ ನಿಂತಿದೆ? ನಮ್ಮ ಬಡಾವಣೆಗಳಲ್ಲಿ ಹತ್ತು ವರ್ಷಕ್ಕೇ ಚೇಂಬರ್ ಸುತ್ತ ರಸ್ತೆ ಕುಸಿಯುತ್ತದಲ್ಲ, ಅದಕ್ಕೇನು ಕಾರಣ? ಈ ಕೆಲಸ ಬಲ್ಲವರು ಬಿಡಿಸಿ ಹೇಳಿ.

ಎರಕದ ಮನೆ:

ದಾರಿಹೋಕರೇ, ಹೆಸರು ಎದ್ದು ಕಾಣಲು ಕಾರಣ ಅಮೆರಿಕದ ಕಾನೂನು. ಆಮದಾಗುವ ಬೇರೆ ಬಹಳಷ್ಟು ಸಾಮಾನಿಗೆ ಒಂದು ಚೀಟಿ ಅಂಟಿಸಿದರೂ ನಡೆಯುತ್ತದೆ. ಮ್ಯಾನ್‌ಹೋಲಿನ ಮುಚ್ಚಳ ಮತ್ತು ಚೌಕಟ್ಟಿಗೆ ಆ ರಿಯಾಯಿತಿ ಇಲ್ಲ. 1984ರ ಕಾನೂನಿನಿಂದ ಈಚೆಗೆ ಆಮದಾದ ಪ್ರತಿಯೊಂದರ ಮೇಲ್ಮೈಯಲ್ಲೂ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಎರಕದಲ್ಲೇ ಮೂಡಿರಬೇಕು ಅಥವಾ ಅಳಿಸಲಾಗದ ಹಾಗೆ ಕೊರೆದಿರಬೇಕು. ಅಲ್ಲಿನ ಎರಕದ ಕಾರ್ಖಾನೆಗಳು ಅಗ್ಗದ ಆಮದಿನಿಂದ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ ಅದು. ಭಾರತದ ಈ ಬಗೆಯ ಎರಕಗಳ ಮೇಲೆ 1980ರಲ್ಲೇ ಹೆಚ್ಚುವರಿ ಸುಂಕ ಬಿದ್ದಿತ್ತು.

ಇಷ್ಟಾದರೂ ವ್ಯಾಪಾರ ನಿಲ್ಲಲಿಲ್ಲ. ಈ ಕೆಲಸ ಹೆಚ್ಚಾಗಿ ಆಗುವುದು ಪಶ್ಚಿಮ ಬಂಗಾಳದ ಹೌರಾದ ಸುತ್ತಮುತ್ತ. ನಮ್ಮ ಬೆಳಗಾವಿಯಲ್ಲೂ ಎರಕದ ಕಾರ್ಖಾನೆಗಳು ಸಾಲಾಗಿವೆ, ಆದರೆ ಅಲ್ಲಿ ಹೆಚ್ಚಿನದು ವಾಹನ ಮತ್ತು ಯಂತ್ರದ ಬಿಡಿಭಾಗಗಳ ಕೆಲಸ. ಮುಚ್ಚಳದ ಎರಕಕ್ಕೆ ದುಬಾರಿ ಯಂತ್ರ ಅಷ್ಟಾಗಿ ಬೇಕಿಲ್ಲ, ಕೈಗಳು ಬೇಕು. ಹೌರಾ ಮುಂದೆ ಇರುವುದು ಇದೇ ಕಾರಣಕ್ಕೆ.

ಕೆಲಸದ ಬಗೆ ಹೀಗೆ. ಮುಚ್ಚಳದ ಪ್ಯಾಟರ್ನನ್ನು, ಅಂದರೆ ಅಚ್ಚು ತೆಗೆಯುವ ಮಾದರಿಯನ್ನು, ಅಸಲಿ ಅಳತೆಗಿಂತ ಸುಮಾರು ಶೇ. 1ರಷ್ಟು ದೊಡ್ಡದಾಗಿ ಮಾಡುತ್ತಾರೆ, ಯಾಕೆಂದರೆ ಬೀಡು ಆರುವಾಗ ಅಷ್ಟು ಕುಗ್ಗುತ್ತದೆ. ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ ಮತ್ತು ಶೇ. 3-4ರಷ್ಟು ನೀರು ಬೆರೆಸಿ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಕುಟ್ಟಿ ಅಚ್ಚು ತೆಗೆಯುತ್ತಾರೆ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗುರುತು ನಿಲ್ಲಬೇಕು, ಮುರಿದರೆ ಅಂಚು ಉದುರಬಾರದು. ನೀರು ಜಾಸ್ತಿಯಾದರೆ ಕಾದ ಬೀಡು ತಾಗಿದ ಕೂಡಲೇ ಆವಿಯಾಗಿ ಎರಕದೊಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಅಚ್ಚಿನ ಗೋಡೆ ಉದುರಿ ಮರಳು ಒಳಗೆ ಸೇರುತ್ತದೆ. ಕ್ಯುಪೋಲಾ ಕುಲುಮೆಯಲ್ಲಿ ಕೋಕ್, ಸುಣ್ಣಕಲ್ಲು, ಕಚ್ಚಾ ಬೀಡು ಮತ್ತು ಗುಜರಿಯನ್ನು ಪದರಪದರವಾಗಿ ಹಾಕಿ ಕರಗಿಸಿ, ಸುಮಾರು 1350 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊಯ್ಯುತ್ತಾರೆ. ಬಿಸಿ ಇಳಿದುಬಿಟ್ಟರೆ ಎರಡು ಕಡೆಯಿಂದ ಹರಿದು ಬಂದ ಬೀಡು ಸೇರುವ ಜಾಗದಲ್ಲಿ ಬೆಸುಗೆ ಆಗುವುದಿಲ್ಲ. ಆ ಗೆರೆಯಲ್ಲೇ ಮುಂದೆ ಮುಚ್ಚಳ ಸೀಳುತ್ತದೆ.

ಮಾಮೂಲಿ ಬೂದು ಬೀಡಿನಲ್ಲಿ ಇಂಗಾಲ ಎಸಳೆಸಳಾಗಿ ಹರಡಿರುತ್ತದೆ. ಅದು ಅದುಮುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಚಕ್ರ ಮೇಲೆ ಬಂದಾಗ ಮುಚ್ಚಳದ ತಳಭಾಗ ಎಳೆತಕ್ಕೆ ಸಿಗುತ್ತದೆ. ಹಾಗಾಗಿ ಬೂದು ಬೀಡಿನ ಮುಚ್ಚಳ ದಪ್ಪ ಇರಲೇಬೇಕು, ಕೆಳಗೆ ಪಟ್ಟಿಗಳೂ ಬೇಕು. ನ್ಯೂಯಾರ್ಕಿನ ಚರಂಡಿ ಮುಚ್ಚಳಗಳು 110ರಿಂದ 135 ಕಿಲೋ ತೂಗುವುದು ಅದಕ್ಕೇ. ಕರಗಿದ ಬೀಡಿಗೆ ಮೆಗ್ನೀಷಿಯಂ ಸೇರಿಸಿ ಕೊನೆಗೆ ಶೇ. 0.03ರಿಂದ 0.05ರಷ್ಟು ಉಳಿಯುವ ಹಾಗೆ ಮಾಡಿದರೆ ಇಂಗಾಲ ಎಸಳಿನ ಬದಲು ಗುಂಡುಗುಂಡಾಗಿ ಕೂರುತ್ತದೆ. ಅದು ಡಕ್ಟೈಲ್ ಬೀಡು. ಅದೇ ಭಾರ ತಾಳುವ ಮುಚ್ಚಳ ಸುಮಾರು ಅರ್ಧ ತೂಕಕ್ಕೆ ಇಳಿಯುತ್ತದೆ, ಪೆಟ್ಟು ಬಿದ್ದರೆ ಒಡೆಯುವ ಬದಲು ಬಾಗುತ್ತದೆ. ಆದರೆ ಮೆಗ್ನೀಷಿಯಂ ಹಾಕಿದ ಹತ್ತು ಹದಿನೈದು ನಿಮಿಷದಲ್ಲಿ ಹೊಯ್ದು ಮುಗಿಸಬೇಕು. ತಡವಾದರೆ ಅದರ ಗುಣ ಇಳಿದು ಇಂಗಾಲ ಮತ್ತೆ ಎಸಳಾಗುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಏನೂ ತಿಳಿಯದು.

ಮುಚ್ಚಳ ಕೊಳ್ಳುವವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಮುಚ್ಚಳವನ್ನು ಹಗ್ಗದಲ್ಲಿ ನೆಲಬಿಟ್ಟು ಎತ್ತಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಎರಕ ಗಂಟೆಯ ಹಾಗೆ ನಾದ ಕೊಡುತ್ತದೆ. ಬಿರುಕಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಇದು ಮೊದಲ ಜರಡಿ ಅಷ್ಟೆ. ಭಾರ ಹಾಕಿ ಪರೀಕ್ಷಿಸಿದ ಪ್ರಮಾಣಪತ್ರವನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಹಡ್ಸನ್ ದಂಡೆ:

ಹಬೆಯ ವಿಷಯ ನಾನು ಹೇಳ್ತೀನಿ. ಅದು ಚರಂಡಿಯದ್ದಲ್ಲ. ಮ್ಯಾನ್‌ಹಾಟನ್‌ನಲ್ಲಿ 1882ರಿಂದ ರಸ್ತೆ ಕೆಳಗೆ ಹಬೆಯನ್ನೇ ಪೈಪಿನಲ್ಲಿ ಕಳಿಸಿ ಮಾರ್ತಾರೆ, ನಮ್ಮಲ್ಲಿ ನಲ್ಲಿ ನೀರು ಬಂದ ಹಾಗೆ. ಸುಮಾರು 105 ಮೈಲಿ, ಅಂದ್ರೆ 170 ಕಿ.ಮೀ. ಹತ್ತಿರ ಕೊಳವೆ ಇದೆ. ಕಟ್ಟಡ ಬೆಚ್ಚಗಿಡೋಕೆ, ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧಿ ಮಾಡೋಕೆ, ಬಟ್ಟೆ ಇಸ್ತ್ರಿಗೆ ಎಲ್ಲಾ ಅದೇ ಹಬೆ. ಬೀದೀಲಿ ಕಾಣೋ ಬಿಳಿ ಹೊಗೆ ಕೆಲವು ಸಲ ಪೈಪಿನ ಸೋರಿಕೆ. ಎಷ್ಟೋ ಸಲ ಮಳೆನೀರೋ ಒಡೆದ ನಲ್ಲಿಪೈಪಿನ ನೀರೋ ಬಿಸಿ ಪೈಪಿಗೆ ತಾಗಿ ಆವಿಯಾಗಿರೋದು. ಕಿತ್ತಳೆ ಬಿಳಿ ಪಟ್ಟೆಯ ಚಿಮಣಿ ನಿಲ್ಲಿಸಿರ್ತಾರಲ್ಲ, ಅದು ಆ ಆವಿಯನ್ನ ಗಾಡಿ ಓಡಿಸೋರ ಕಣ್ಣಿಗಿಂತ ಮೇಲಕ್ಕೆ ಬಿಡೋಕೆ.

ಈ ಪೈಪಿನ ಶತ್ರು ತಣ್ಣೀರು. 2007ರ ಜುಲೈ 18ರಂದು 41ನೇ ಬೀದಿ ಮತ್ತು ಲೆಕ್ಸಿಂಗ್ಟನ್ ಅವೆನ್ಯೂ ಸೇರೋ ಕಡೆ ಒಂದು ಹಬೆ ಪೈಪ್ ಸಿಡೀತು. ಹಾಕಿದ್ದು 1924ರಲ್ಲಿ. ಆದ್ರೆ ವಯಸ್ಸೊಂದೇ ಕಾರಣ ಅಲ್ಲ. ಜೋರು ಮಳೆ ಬಂದು ತಣ್ಣೀರು ಪೈಪನ್ನ ಸುತ್ತುವರಿದಾಗ ಒಳಗಿನ ಹಬೆ ನೀರಾಯ್ತು. ಆ ನೀರನ್ನ ಹೊರಹಾಕಬೇಕಿದ್ದ ಸ್ಟೀಮ್ ಟ್ರ್ಯಾಪ್‌ಗಳಲ್ಲಿ ಹಿಂದೆ ಸೋರಿಕೆ ಮುಚ್ಚೋಕೆ ತುಂಬಿದ್ದ ಅಂಟು ಸಿಕ್ಕಿಕೊಂಡಿತ್ತು. ನಿಂತ ನೀರಿನ ಮೇಲೆ ಹಬೆ ನುಗ್ಗಿ ಸುತ್ತಿಗೆ ಏಟಿನ ಹಾಗೆ ಹೊಡೀತು. ರಿಪೇರಿಗೆ ಹಾಕಿದ ವಸ್ತುವೇ ಇನ್ನೊಂದು ಕಡೆ ಹೋಗಿ ದಾರಿ ಕಟ್ಟೋದು ಈ ಕೆಲಸದಲ್ಲಿ ಮತ್ತೆ ಮತ್ತೆ ಆಗತ್ತೆ.

ಜರಡಿ ಹಾಗಿರೋ ಮುಚ್ಚಳಗಳಲ್ಲಿ ಎಷ್ಟೋ ಕರೆಂಟಿನ ಗುಂಡಿಗಳದ್ದು. ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಎರಚ್ತಾರೆ. ಉಪ್ಪುನೀರು ಗುಂಡಿಗೆ ಇಳಿದು ಕೇಬಲ್ ಹೊದಿಕೆಯನ್ನ ತಿನ್ನತ್ತೆ, ಕಿಡಿ ಹಾರತ್ತೆ, ಹೊದಿಕೆ ಒಳಗೊಳಗೇ ಬೆಂದು ಕಾರ್ಬನ್ ಮೊನಾಕ್ಸೈಡಿನಂಥ ಗ್ಯಾಸ್ ತುಂಬತ್ತೆ. ಮುಚ್ಚಳ ಬಿಗಿಯಾಗಿದ್ರೆ ಗ್ಯಾಸ್‌ಗೆ ದಾರಿ ಇಲ್ಲ, ಕಿಡಿ ತಾಗಿದಾಗ ನೂರು ಕಿಲೋ ಮುಚ್ಚಳ ಹಾರತ್ತೆ. ಅದಕ್ಕೇ ಬಹಳ ಕಡೆ ಗಟ್ಟಿ ಮುಚ್ಚಳ ತೆಗೆದು ತೂತಿನದ್ದು ಹಾಕಿದ್ದಾರೆ. ಮುಚ್ಚಳದ ಸಂದಿಯಿಂದ ಕಂದು ಬಣ್ಣದ ಹೊಗೆ, ಸುಟ್ಟ ರಬ್ಬರ್ ವಾಸನೆ ಬಂದ್ರೆ ಫೋಟೋಗೆ ನಿಲ್ಲಬೇಡಿ, ಆ ಬೀದಿಯಿಂದಲೇ ದೂರ ಹೋಗಿ 911ಕ್ಕೆ ಫೋನ್ ಮಾಡಿ. ಬರೀ ಕೊಳಚೆ ಹರಿಯೋ ಗುಂಡಿಗೆ ಇದರ ತದ್ವಿರುದ್ಧ: ತೂತು ಹೆಚ್ಚಿದಷ್ಟೂ ಮಳೆನೀರು ಒಳಗೆ ಹೋಗತ್ತೆ, ಆದ್ದರಿಂದ ಎತ್ತೋ ಕೊಕ್ಕೆಗೆ ಬೇಕಾದಷ್ಟೇ ತೂತು.

ನ್ಯೂಯಾರ್ಕಿನಲ್ಲಿ ಸುಮಾರು 12,000 ಕಿ.ಮೀ. ಚರಂಡಿ, 14 ಶುದ್ಧೀಕರಣ ಘಟಕ ಇದೆ. ಊರಿನ ಸುಮಾರು ಶೇ. 60ರಷ್ಟು ಭಾಗದಲ್ಲಿ ಕೊಳಚೆ ಮತ್ತು ಮಳೆನೀರು ಒಂದೇ ಪೈಪಿನಲ್ಲಿ ಹರಿಯತ್ತೆ. ಒಣ ದಿನ ಬರೋ ನೀರಿನ ಎರಡರಷ್ಟನ್ನ ಘಟಕ ತಗೊಳ್ಳತ್ತೆ, ಅದಕ್ಕಿಂತ ಹೆಚ್ಚಾದದ್ದು ನದಿಗೆ. ಚರಂಡಿ ಲೆಕ್ಕ ಹಾಕಿರೋದು ಗಂಟೆಗೆ 1.75 ಇಂಚು, ಅಂದ್ರೆ 44 ಮಿ.ಮೀ. ಮಳೆಗೆ. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಮಳೆ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ 3.15 ಇಂಚು ಸುರೀತು. ನೆಲಮಾಳಿಗೆ ಮನೆಗಳಲ್ಲಿದ್ದವರು ಸತ್ತಿದ್ದು ಆ ರಾತ್ರಿ.

ಮುಂದಿನ ಸಲ ಹೋದ್ರೆ ಅಕ್ಷರ ಓದಿ. ಬಿಪಿಎಂ ಅಂದ್ರೆ ಮ್ಯಾನ್‌ಹಾಟನ್ ‘ಬರೋ’ದ (ನಗರದ ಆಡಳಿತ ವಿಭಾಗದ) ಅಧ್ಯಕ್ಷರ ಕಾಲದ ಮುಚ್ಚಳ, ಬಿಎಸ್‌ಬಿಕ್ಯೂ ಅಂದ್ರೆ ಕ್ವೀನ್ಸ್ ಅನ್ನೋ ಇನ್ನೊಂದು ವಿಭಾಗದ ಚರಂಡಿ ಇಲಾಖೆಯದ್ದು. ಊರಿಗೆ ಕುಡಿಯೋ ನೀರು ತಂದ ಹಳೇ ಕ್ರೋಟನ್ ಕಾಲುವೆಯ 1860ರ ದಶಕದ ಮುಚ್ಚಳ ಕೂಡ ಒಂದೆರಡು ಉಳಿದಿವೆ. ಸೋಹೋ ಕಡೆ ಅಂಗಡಿ ಮೆಟ್ಟಿಲ ಹತ್ತಿರ ಬೀಡಿನ ಹಲಗೆಯಲ್ಲಿ ಗಾಜಿನ ಬಿಲ್ಲೆ ಕೂರಿಸಿರ್ತಾರೆ. ಅದು ಚರಂಡಿ ಅಲ್ಲ. ನೆಲಮಾಳಿಗೆಗೆ ಬೆಳಕು ಇಳಿಸೋಕೆ ಥ್ಯಾಡಿಯಸ್ ಹಯಾಟ್ 1845ರಲ್ಲಿ ಪೇಟೆಂಟ್ ಪಡೆದ ಉಪಾಯ.

ಯುಜಿಡಿ ಮೇಷ್ಟ್ರು:

ಹಳೇ ಇಟ್ಟಿಗೆ ಚರಂಡಿ ಯಾಕೆ ನಿಂತಿದೆ ಅನ್ನೋದಕ್ಕೆ ಲಂಡನ್ ಒಳ್ಳೆ ಉದಾಹರಣೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಪಾರ್ಲಿಮೆಂಟಿನಲ್ಲಿ ಕೂರೋಕೆ ಆಗದೇ ಹೋದಾಗ ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್‌ಗೆ ಕೆಲಸ ಒಪ್ಪಿಸಿದರು. ಆತ ಕಟ್ಟಿಸಿದ ಚರಂಡಿಗಳಲ್ಲಿ ಬಹಳಷ್ಟು ಕೋಳಿಮೊಟ್ಟೆಯನ್ನ ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿದ ಆಕಾರದವು. ರಾತ್ರಿ ಹೊತ್ತು ನೀರು ಕಡಿಮೆ ಇದ್ದಾಗ ಆ ಕಿರಿದಾದ ತಳದಲ್ಲಿ ನೀರಿನ ಎತ್ತರ ಉಳಿಯತ್ತೆ, ವೇಗ ಉಳಿಯತ್ತೆ, ಹೂಳು ಕೂರಲ್ಲ. ಮೇಲಿನ ಕಮಾನು ಮಣ್ಣಿನ ಭಾರವನ್ನ ಅದುಮಿಕೊಂಡೇ ನಿಲ್ಲತ್ತೆ. ಸುಣ್ಣದ ಗಾರೆ ಬಿಟ್ಟು ಆಗಿನ್ನೂ ಹೊಸದಾಗಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನ, ಬಂದ ಸಿಮೆಂಟನ್ನೆಲ್ಲ ಪರೀಕ್ಷೆ ಮಾಡಿಸಿ ಬಳಸಿದ್ದು ಇನ್ನೊಂದು ಕಾರಣ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನ ಆಮ್ಲ ಸುಲಭಕ್ಕೆ ತಿನ್ನಲ್ಲ, ಮೊದಲು ಸೋಲೋದು ನಡುವಿನ ಗಾರೆ.

ಚರಂಡಿಯನ್ನ ಕೊಲ್ಲೋದು ಹೈಡ್ರೋಜನ್ ಸಲ್ಫೈಡ್. ನೀರು ನಿಧಾನವಾಗಿ ಹರಿಯೋ ಕಡೆ, ಪಂಪು ತಳ್ಳೋ ತುಂಬಿದ ಪೈಪಿನಲ್ಲಿ, ಗೋಡೆಯ ಲೋಳೆ ಪದರದೊಳಗೆ ಗಾಳಿ ಇಲ್ಲದೆ ಬದುಕೋ ಬ್ಯಾಕ್ಟೀರಿಯಾ ಅದನ್ನ ತಯಾರು ಮಾಡತ್ತೆ. ನೀರು ಮೇಲಿಂದ ಧುಮುಕೋ ಜಾಗದಲ್ಲಿ ಆ ಗ್ಯಾಸ್ ಹೊರಗೆ ಬರತ್ತೆ. ನೀರಿನ ಮಟ್ಟಕ್ಕಿಂತ ಮೇಲಿನ ತೇವದ ಗೋಡೆಯಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಅದನ್ನ ಸಲ್ಫ್ಯೂರಿಕ್ ಆಮ್ಲ ಮಾಡತ್ತೆ. ಆಗ ಕಾಂಕ್ರೀಟ್ ಜಿಪ್ಸಂ ಆಗಿ, ಉಗುರಲ್ಲಿ ಕೆರೆದರೆ ಬೆಣ್ಣೆ ಹಾಗೆ ಬರತ್ತೆ. ಪೈಪಿನ ತಳ ಗಟ್ಟಿ ಇರತ್ತೆ, ನೆತ್ತಿ ಹೋಗಿರತ್ತೆ. ಹಾಗಾಗಿ ಮೇಲಿಂದ ಇಣುಕಿ ನೀರು ಹರಿಯೋದನ್ನ ನೋಡಿ ‘ಚೆನ್ನಾಗಿದೆ’ ಅನ್ನೋದು ತಪ್ಪು. ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿಗೆ ಈ ಕಾಟ ಇಲ್ಲ. ಅದು ಹೋಗೋದು ಕೀಲಿನಲ್ಲಿ.

ಕುಸಿತ ಆಗೋ ಕ್ರಮ ಎಲ್ಲಾ ಊರಲ್ಲೂ ಒಂದೇ. ಪೈಪಿನ ನೆತ್ತಿಯಲ್ಲೋ ಕೀಲಿನಲ್ಲೋ ಸಣ್ಣ ಬಾಯಿ ಬಿಡತ್ತೆ. ಮಳೆಗಾಲದಲ್ಲಿ ಅಂತರ್ಜಲ ಅದರಲ್ಲಿ ಒಳಗೆ ನುಗ್ಗುವಾಗ ಸುತ್ತಲಿನ ನುಣ್ಣನೆ ಮರಳನ್ನೂ ಹೊತ್ತು ಒಯ್ಯತ್ತೆ. ಪೈಪಿನ ಮೇಲೆ ಪೊಳ್ಳು ಬೆಳೀತಾ ಬೆಳೀತಾ ಡಾಂಬರಿನ ಅಡಿಗೆ ಬರತ್ತೆ. ಡಾಂಬರು ಸೇತುವೆ ಹಾಗೆ ಸ್ವಲ್ಪ ದಿನ ತಡಕೊಳ್ಳತ್ತೆ, ಆಮೇಲೆ ಒಂದು ಲಾರಿ ಬಂದಾಗ ಒಮ್ಮೆಗೇ ಬಾಯಿ ಬಿಡತ್ತೆ. ಜಪಾನಿನ ಸೈತಾಮಾ ಪ್ರಾಂತದ ಯಾಶಿಯೋದಲ್ಲಿ 2025ರ ಜನವರಿ 28ರಂದು ಲಾರಿ ಸಮೇತ ಚಾಲಕ ಗುಂಡಿಗೆ ಬಿದ್ದಿದ್ದು ಹೀಗೇ. ಅಲ್ಲಿನ ಪೈಪಿನ ವ್ಯಾಸ 4.75 ಮೀಟರ್, 1983ರಲ್ಲಿ ಬಳಕೆಗೆ ಬಂದದ್ದು. ಸುಮಾರು 12 ಲಕ್ಷ ಜನಕ್ಕೆ ಸ್ನಾನ, ಬಟ್ಟೆ ಒಗೆಯೋದು ಕಡಿಮೆ ಮಾಡಿ ಅಂತ ಕೇಳಿಕೊಳ್ಳಬೇಕಾಯ್ತು, ಯಾಕಂದ್ರೆ ನೀರು ಹೋಗೋ ದಾರಿಯೇ ಕಟ್ಟಿತ್ತು. ಬರೀ 42 ವರ್ಷದ ಕಾಂಕ್ರೀಟು ಅದು. ಪೈಪಿಗೆ ಎಷ್ಟು ವರ್ಷ ಆಯ್ತು ಅನ್ನೋದಕ್ಕಿಂತ ಅದರಲ್ಲಿ ಗ್ಯಾಸ್ ಎಲ್ಲಿ ಏಳತ್ತೆ, ಕೀಲು ಎಲ್ಲಿ ಬಿಟ್ಟಿದೆ ಅನ್ನೋದನ್ನೇ ಮೊದಲು ನೋಡಬೇಕು.

ಬೆಂಗಳೂರಲ್ಲಿ ಒಳಚರಂಡಿ ಶುರುವಾಗಿದ್ದು 1922ರಲ್ಲಿ, ಜಲಮಂಡಳಿ ಬಂದಿದ್ದು 1964ರ ಕಾಯ್ದೆಯಿಂದ. ಊರು ದಿಣ್ಣೆಯ ಮೇಲಿದೆ. ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ತಾನಾಗೇ ಇಳಿಯತ್ತೆ, ಇದು ದೊಡ್ಡ ಭಾಗ್ಯ. ಆದ್ರೆ ಬೀದಿ ಮಟ್ಟದಲ್ಲಿ ಲೆಕ್ಕ ಬಹಳ ಸೂಕ್ಷ್ಮ. 200 ಮಿ.ಮೀ. ಪೈಪಿಗೆ ಕನಿಷ್ಠ ಇಳಿಜಾರು 250ಕ್ಕೆ 1. ಎರಡು ಚೇಂಬರ್ ನಡುವೆ 30 ಮೀಟರ್ ಇದ್ರೆ ಒಟ್ಟು ಇಳಿತ 12 ಸೆಂ.ಮೀ. ಮಾತ್ರ, ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟಿದ್ರೆ ನೀರು ಸೆಕೆಂಡಿಗೆ 0.6 ಮೀಟರ್ ವೇಗ ಹಿಡಿದು ಹೂಳನ್ನ ತಾನೇ ತಳ್ಳತ್ತೆ. ಪೈಪಿನಡಿ ಮಣ್ಣನ್ನ ಸರಿಯಾಗಿ ದಮ್ಮಸ್ಸು ಮಾಡದೆ ನಡುವೆ 5 ಸೆಂ.ಮೀ. ಕುಸಿದ್ರೂ ಅಲ್ಲಿ ಹೊಂಡ ಆಗಿ ಹೂಳು ಕೂರತ್ತೆ, ಆಮೇಲೆ ಜೋರಾಗಿ ನೀರು ಚಿಮ್ಮಿಸಿ ಹೂಳು ತೆಗೆಯೋ ಜೆಟ್ಟಿಂಗ್ ಗಾಡಿ ಎಷ್ಟು ಸಲ ತಂದ್ರೂ ತಿಂಗಳೊಳಗೆ ಮತ್ತೆ ಕಟ್ಟತ್ತೆ. ಒಂದೇ ಚೇಂಬರ್ ಪದೇ ಪದೇ ಉಕ್ಕಿದ್ರೆ ಕ್ಯಾಮೆರಾ ಬಿಟ್ಟು ನೋಡಿಸಿ ಅಂತ ಕೇಳಿ. ಪೈಪ್ ಬರೀ ಸೀಳಿದ್ರೆ ಅಗೆಯದೆ ಒಳಗಿಂದಲೇ ಲೈನಿಂಗ್ ಹಾಕಬಹುದು: ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನ ಒಳಗೆ ತಿರುವಿ ಉಬ್ಬಿಸಿ ಬಿಸಿನೀರಿನಲ್ಲಿ ಗಟ್ಟಿ ಮಾಡೋ ವಿಧಾನ, ಲಂಡನ್ನಿನ ಹ್ಯಾಕ್ನಿಯಲ್ಲಿ 1971ರಲ್ಲಿ ಎರಿಕ್ ವುಡ್ ಮೊದಲು ಮಾಡಿದ್ದು. ಆದ್ರೆ ಲೈನಿಂಗ್ ಪೈಪಿನ ಆಕಾರವನ್ನೇ ಹಿಡಿಯತ್ತೆ, ಹೊಂಡ ಬಿದ್ದಿದ್ರೆ ಹೊಂಡ ಹಾಗೇ ಉಳಿಯತ್ತೆ. ಅದಕ್ಕೆ ಅಗೆಯಲೇಬೇಕು.

ಪಾಯಸಪ್ರಿಯ:

ಮುಚ್ಚಳ ದುಂಡಗಿರೋದು ಒಳಗೆ ಬೀಳದೇ ಇರಲಿ ಅಂತ ಅಲ್ವಾ? ಹಾಗಾದ್ರೆ ನಮ್ಮ ಕಡೆ ಚೌಕದ ಮುಚ್ಚಳ ಯಾಕೆ?

ಎರಕದ ಮನೆ:

ಅದು ಒಂದು ಕಾರಣ. ಗುಂಡಿಯ ಗಂಟಲು ದುಂಡಗಿದ್ದರೆ ಮಣ್ಣಿನ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ, ಭಾರದ ಮುಚ್ಚಳವನ್ನು ಉರುಳಿಸಿಕೊಂಡು ಹೋಗಬಹುದು, ಹೇಗೆ ತಿರುಗಿಸಿ ಇಟ್ಟರೂ ಕೂರುತ್ತದೆ. ಚೌಕದ ಮುಚ್ಚಳ ಓರೆ ಮಾಡಿದರೆ ಒಳಗೆ ಬೀಳುತ್ತದೆ, ಹಾಗಾಗಿ ಅದು ಮನೆಯಂಗಳದ ಆಳವಿಲ್ಲದ ಚೇಂಬರಿಗೆ ಸಾಕು, ವಾಹನದ ರಸ್ತೆಗೆ ಬೇಡ. ಯುರೋಪಿನಲ್ಲಿ ಎರಡು ತ್ರಿಕೋನ ಸೇರಿ ಒಂದು ಚೌಕವಾಗುವ ಮುಚ್ಚಳ ಇದೆ. ಒಂದೊಂದು ತ್ರಿಕೋನವೂ ಮೂರೇ ಮೂಲೆಯ ಮೇಲೆ ಕೂರುವುದರಿಂದ ಮೂರು ಕಾಲಿನ ಪೀಠದ ಹಾಗೆ ಅಲುಗುವುದೇ ಇಲ್ಲ. ಜಪಾನಿನವರು ಮುಚ್ಚಳದ ಅಂಚನ್ನು ಬಾಟಲಿಯ ಬಿರಡೆಯಂತೆ ಇಳಿಜಾರಾಗಿ ಮಾಡಿ ಚೌಕಟ್ಟಿಗೆ ಕಚ್ಚಿಸುತ್ತಾರೆ. ವಾಹನ ಓಡುವ ರಸ್ತೆಯಲ್ಲಿ 15 ವರ್ಷ, ಬೇರೆ ಕಡೆ 30 ವರ್ಷ ಎಂದು ಅದಕ್ಕೆ ಆಯುಸ್ಸನ್ನೂ ಗೊತ್ತುಮಾಡಿದ್ದಾರೆ. ಅವರ ಬಣ್ಣಬಣ್ಣದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ಆ ಅಂಚು ಅದಕ್ಕಿಂತ ಚೆಂದ.

ದಾರಿಹೋಕ:

ಎಲ್ಲರಿಗೂ ಧನ್ಯವಾದ, ಬಹಳ ತಿಳಿಯಿತು. ಒಂದೇ ಒಂದು ಪ್ರಶ್ನೆ ಉಳಿದಿದೆ. ಬಡಾವಣೆಯ ರಸ್ತೆಗೆ ಹೊಸ ಡಾಂಬರು ಬಿದ್ದ ಮೇಲೆ ಮುಚ್ಚಳ ಮೂರು ಇಂಚು ಕೆಳಗೆ ಉಳಿದು, ಗಾಡಿ ಹೋದಾಗಲೆಲ್ಲ ‘ಧಡಕ್’ ಎನ್ನುತ್ತದೆ. ಎತ್ತರಿಸಲು ಗುತ್ತಿಗೆದಾರರು ಬಂದಾಗ ಅಲ್ಲಿನ ನಿವಾಸಿಗಳು ಏನೇನು ನೋಡಿಕೊಳ್ಳಬೇಕು?

ಯುಜಿಡಿ ಮೇಷ್ಟ್ರು:

ಒಳ್ಳೇ ಪ್ರಶ್ನೆ. ಈ ಕೆಲಸ ಕೆಡೋದು ಮುಚ್ಚಳದಿಂದ ಅಲ್ಲ, ಚೌಕಟ್ಟಿನ ಕೆಳಗಿನ ಎರಡು ಅಂಗುಲದಿಂದ.

ಶುರು ಮಾಡೋ ಮುಂಚೆ ಗುಂಡಿಯ ಗಂಟಲಿಗೆ ಹಲಗೆ, ಅದರ ಮೇಲೆ ಗೋಣಿಚೀಲ ಹಾಸಿಸಿ. ಒಡೆದ ಡಾಂಬರು, ಇಟ್ಟಿಗೆ ಚೂರು ಒಳಗೆ ಬಿದ್ದು, ರಸ್ತೆ ಕೆಲಸ ಆದ ವಾರಕ್ಕೇ ಚರಂಡಿ ಕಟ್ಟಿಕೊಳ್ಳೋದು ಇದೊಂದನ್ನ ಬಿಟ್ಟಿದ್ದಕ್ಕೆ. ಚೌಕಟ್ಟಿನ ಸುತ್ತ 30 ಸೆಂ.ಮೀ. ಬಿಟ್ಟು ಕಟರ್‌ನಿಂದ ನೇರವಾಗಿ ಕೊಯ್ಯಬೇಕು, ಹಾರೆಯಿಂದ ಕಿತ್ತರೆ ಅಂಚು ಸಡಿಲ ಆಗತ್ತೆ. 600 ಮಿ.ಮೀ. ಬಾಯಿಯ ಮುಚ್ಚಳಕ್ಕೆ ಸುಮಾರು ಒಂದೂವರೆ ಮೀಟರ್ ಚೌಕ ಆಗತ್ತೆ. ಚೌಕಟ್ಟು ಎತ್ತಿದ ಮೇಲೆ ಅಲುಗಾಡೋ ಇಟ್ಟಿಗೆ ಎಲ್ಲಾ ತೆಗೆದು ಗಟ್ಟಿ ಸಿಗೋ ತನಕ ಇಳೀಬೇಕು. ಮೂರು ಇಂಚು ಎತ್ತರಿಸೋಕೆ ಸಿದ್ಧ ಕಾಂಕ್ರೀಟ್ ರಿಂಗ್ ಅಥವಾ ಅಲ್ಲೇ ಹಾಕಿದ ಎಂ-25 ದರ್ಜೆಯ ಕಾಂಕ್ರೀಟ್ ಇರಲಿ. ಇಟ್ಟಿಗೆ ಒಂದು ವರಸೆ ಇಟ್ಟು ಮುಗಿಸ್ತೀವಿ ಅಂದ್ರೆ ಒಪ್ಪಬೇಡಿ, ಬಸ್ಸಿನ ಚಕ್ರಕ್ಕೆ ಅದು ಆರು ತಿಂಗಳಲ್ಲಿ ಪುಡಿ.

ಈಗ ಮುಖ್ಯವಾದದ್ದು. ಮಟ್ಟ ತರೋಕೆ ಚೌಕಟ್ಟಿನಡಿ ಮೂರು ನಾಲ್ಕು ಕಡೆ ಜಲ್ಲಿಕಲ್ಲು ಸಿಕ್ಕಿಸಿ, ಸುತ್ತ ಗಾರೆ ಮೆತ್ತಿಬಿಡ್ತಾರೆ. ಹೊರಗಿಂದ ಅಚ್ಚುಕಟ್ಟಾಗಿ ಕಾಣತ್ತೆ. ಒಳಗೆ ಇಡೀ ಭಾರ ಆ ಕಲ್ಲುಗಳ ಮೇಲೆ. ಲಾರಿ ಹತ್ತಿದಾಗ ಚೌಕಟ್ಟು ಕಲ್ಲುಗಳ ನಡುವೆ ಬಾಗತ್ತೆ, ಗಾರೆ ಉದುರತ್ತೆ, ನೀರು ಹೋಗತ್ತೆ, ಮಣ್ಣು ಹೋಗತ್ತೆ. ಸರಿಯಾದ ಕ್ರಮ ಅಂದ್ರೆ ಆರಿದಾಗ ಕುಗ್ಗದ ಗ್ರೌಟನ್ನ (ಸಿಮೆಂಟ್ ಗಾರೆಯನ್ನ) 25ರಿಂದ 40 ಮಿ.ಮೀ. ದಪ್ಪಕ್ಕೆ ಸುತ್ತಲೂ ಎಲ್ಲೂ ಬಿಡದ ಹಾಗೆ ಹಾಸಿ, ಅದರ ಮೇಲೆ ಚೌಕಟ್ಟನ್ನ ಒತ್ತಿ ಕೂರಿಸೋದು. ಒತ್ತಿದಾಗ ಗ್ರೌಟು ಒಳಗಿನ ಅಂಚಿನಲ್ಲೂ ಹೊರಗಿನ ಅಂಚಿನಲ್ಲೂ ಉಕ್ಕಿ ಬರಬೇಕು. ಬರದೇ ಇರೋ ಕಡೆ ಪೊಳ್ಳಿದೆ ಅಂತಲೇ ಅರ್ಥ. ಅದನ್ನ ನಿಂತು ನೋಡಿ, ಐದು ನಿಮಿಷದ ಕೆಲಸ.

ಮಟ್ಟ ನೋಡೋಕೆ ಮಟ್ಟಗೋಲು (ಸ್ಪಿರಿಟ್ ಲೆವೆಲ್) ಇಡಬೇಡಿ. ರಸ್ತೆಗೆ ಇಳಿಜಾರು ಇರತ್ತೆ, ಮುಚ್ಚಳ ಅದನ್ನೇ ಅನುಸರಿಸಬೇಕು. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನ ರಸ್ತೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟರೆ ಐದು ಮಿ.ಮೀ. ಒಳಗೆ ವ್ಯತ್ಯಾಸ ಇರಲಿ. ಸುತ್ತ ಕಾಂಕ್ರೀಟ್ ತುಂಬಿ ಮೇಲಿನ 40-50 ಮಿ.ಮೀ. ಡಾಂಬರಿಗೆ ಬಿಟ್ಟು, ಸಂದಿಗೆ ಬಿಸಿ ಡಾಂಬರು ಸುರಿಸಿ. ಮಾಮೂಲಿ ಕಾಂಕ್ರೀಟ್ ಆದ್ರೆ ಏಳು ದಿನ ನೀರುಣಿಸಿ, ಅಲ್ಲೀ ತನಕ ಬ್ಯಾರಿಕೇಡ್ ತೆಗೀಬಾರದು. ಅಷ್ಟು ದಿನ ಮುಚ್ಚೋಕಾಗಲ್ಲ ಅಂದ್ರೆ ಬೇಗ ಗಟ್ಟಿಯಾಗೋ ಗ್ರೌಟು, ಕಾಂಕ್ರೀಟು ತರಿಸಿ. ಅವತ್ತೇ ರಾತ್ರಿ ಗಾಡಿ ಬಿಟ್ಟರೆ ಇಷ್ಟೆಲ್ಲಾ ಮಾಡಿದ್ದೂ ದಂಡ.

ಕೊನೆಗೆ ಚೌಕಟ್ಟಿನ ಕೂರುವ ಅಂಚನ್ನ ತಂತಿ ಬ್ರಷ್‌ನಿಂದ ಉಜ್ಜಿ ಮುಚ್ಚಳ ಇಡಿಸಿ. ಎದುರುಬದುರು ಅಂಚಿನ ಮೇಲೆ ಒಂದೊಂದು ಕಾಲಿಟ್ಟು ತೂಕ ಬದಲಾಯಿಸಿ ನೋಡಿ. ಕಡ್ ಅಂದ್ರೆ ಅದು ಆ ಚೌಕಟ್ಟಿನ ಜೋಡಿ ಮುಚ್ಚಳ ಅಲ್ಲ, ಇಲ್ಲಾ ಮರಳು ಸಿಕ್ಕಿದೆ. ಮುಚ್ಚಳದ ಮೇಲೆ ದರ್ಜೆ ಬರೆದಿರತ್ತೆ: ಎಲ್‌ಡಿ 2.5, ಎಂಡಿ 10, ಎಚ್‌ಡಿ 20, ಇಎಚ್‌ಡಿ 35. ಅಂಕಿ ಟನ್ನಿನ ಲೆಕ್ಕ. ಲಾರಿ ಬಸ್ಸು ಓಡೋ ಕಡೆ ಎಚ್‌ಡಿ 20ಕ್ಕಿಂತ ಕಡಿಮೆ ಬೇಡವೇ ಬೇಡ. ಕಾಲುದಾರಿಯ ಮುಚ್ಚಳವನ್ನ ರಸ್ತೆಗೆ ತಂದಿಡೋದೂ ಉಂಟು.

ಇನ್ನೊಂದು ಮಾತು, ಇದನ್ನ ದಯವಿಟ್ಟು ಹಗುರಾಗಿ ತಗೋಬೇಡಿ. ಕೆಲಸದ ನಡುವೆ ಏನಾದರೂ ಒಳಗೆ ಬಿದ್ದರೆ ತೆಗೆಯೋಕೆ ಯಾರನ್ನೂ ಇಳಿಸಬಾರದು. ‘ಮುಚ್ಚಳ ತೆಗೆದು ಅರ್ಧ ಗಂಟೆ ಆಯ್ತು, ಗ್ಯಾಸ್ ಹೋಗಿದೆ’ ಅನ್ನೋ ಮಾತು ಎಷ್ಟೋ ಜನರ ಪ್ರಾಣ ತೆಗೆದಿದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರತ್ತೆ. ಹೂಳನ್ನ ಕಾಲಲ್ಲಿ ಕದಡಿದ ಕ್ಷಣ ಹೊಸದಾಗಿ ಏಳತ್ತೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹತ್ತಿರ ಹೋದ್ರೆ ಮೂಗು ಸತ್ತು ಕೊಳೆತ ಮೊಟ್ಟೆ ವಾಸನೆಯೂ ಗೊತ್ತಾಗಲ್ಲ, ವಾಸನೆ ಹೋಯ್ತು ಅಂದುಕೊಂಡಾಗಲೇ ಅಪಾಯ ಹೆಚ್ಚು. ಮೊದಲು ಬಿದ್ದವನನ್ನ ಎತ್ತೋಕೆ ಇಳಿದವನೂ ಹೋಗ್ತಾನೆ. ಮಲ ಬಾಚೋ ಕೆಲಸಕ್ಕೆ ಜನರನ್ನ ಹಚ್ಚೋದನ್ನ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹೀಗೆ ಇಳಿಸೋದು ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಕ್ಕೆ, ಸಕ್ಷನ್ ಗಾಡಿ ಇದ್ದೇ ಇದೆ, ಕಾಯಿರಿ.

ಹಡ್ಸನ್ ದಂಡೆ:

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಚೇಂಬರ್ ಮಳೆ ಬಂದಾಗ ಮಾತ್ರ ಉಕ್ಕಿದ್ರೆ ಪೈಪನ್ನ ಬೈಯೋ ಮೊದಲು ತಾರಸಿ ನೀರು ಎಲ್ಲಿಗೆ ಹೋಗ್ತಿದೆ ನೋಡಿ. ನ್ಯೂಯಾರ್ಕಿನದ್ದು ಹೆಚ್ಚಾಗಿ ಕೂಡು ಚರಂಡಿ, ಬೆಂಗಳೂರಿನದ್ದು ಬೇರೆ ಬೇರೆ: ಮಳೆನೀರಿಗೆ ರಸ್ತೆ ಬದಿ ಮೋರಿ, ರಾಜಕಾಲುವೆ, ಕೊಳಚೆಗೆ ಮಾತ್ರ ಯುಜಿಡಿ (ಒಳಚರಂಡಿ). 100 ಚದರ ಮೀಟರ್ ತಾರಸಿ ಮೇಲೆ ಗಂಟೆಗೆ 40 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್. ಐದು ಜನರ ಮನೆ ಇಡೀ ದಿನ ಬಿಡೋ ಕೊಳಚೆ 700 ಲೀಟರ್ ದಾಟೋದು ಕಷ್ಟ. ಬೀದಿಯಲ್ಲಿ ಹತ್ತು ಮನೆಯವರು ತಾರಸಿ ಪೈಪನ್ನ ಚೇಂಬರಿಗೆ ಕೊಟ್ಟಿದ್ರೆ 200 ಮಿ.ಮೀ. ಪೈಪ್ ಎಷ್ಟು ಹೊಸದಾದ್ರೂ ಉಕ್ಕತ್ತೆ. ನೀರು ಒಳಗಿಂದ ಒತ್ತಿ ಮುಚ್ಚಳ ಸರಿಸಿದ್ರೆ, ಕೆಸರುನೀರಿನಡಿ ತೆರೆದ ಗುಂಡಿ ಯಾರಿಗೂ ಕಾಣಲ್ಲ. ತಾರಸಿ ಪೈಪನ್ನ ಇಂಗುಗುಂಡಿಗೋ ಮೋರಿಗೋ ತಿರುಗಿಸಬೇಕು.

ಯುಜಿಡಿ ಮೇಷ್ಟ್ರು:

ನಿಜ. ಪತ್ತೆ ಮಾಡೋದು ಸುಲಭ: ಒಣ ದಿನ ತಾರಸಿ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಸುರಿದು, ಬೀದಿ ಚೇಂಬರಿನಲ್ಲಿ ಬಣ್ಣ ಬರತ್ತಾ ನೋಡೋದು. ಮುಚ್ಚಳ ತೆಗೆಯೋದು ಮಂಡಳಿಯವರ ಕೆಲಸ, ನೀವು ತೆಗೀಬೇಡಿ. ಬೆಂಗಳೂರಾದ್ರೆ 1916ಕ್ಕೆ ಫೋನ್ ಮಾಡಿ. ದೂರು ಕೊಡುವಾಗ ‘ಚರಂಡಿ ಕೆಟ್ಟಿದೆ’ ಅಂತ ಮಾತ್ರ ಬರೆಸಬೇಡಿ. ಮುಚ್ಚಳ ಒಡೆದಿದೆಯಾ, ಅಲುಗ್ತಿದೆಯಾ, ರಸ್ತೆಗಿಂತ ಎಷ್ಟು ಕೆಳಗಿದೆ, ಉಕ್ಕೋದು ಮಳೆಗೋ ದಿನವೂನೋ, ಸುತ್ತ ದುಂಡಗೆ ತಗ್ಗು ಬಿದ್ದು ಮುಚ್ಚಿದಷ್ಟೂ ಮತ್ತೆ ಬೀಳ್ತಿದೆಯಾ, ಇಷ್ಟು ಹೇಳಿ. ದುಂಡಗಿನ ತಗ್ಗು ಮತ್ತೆ ಮತ್ತೆ ಬೀಳ್ತಿದ್ರೆ ಅದನ್ನ ಮೊದಲ ಸಾಲಲ್ಲೇ ಬರೆಸಿ, ಅವತ್ತಿಂದಲೇ ಅಲ್ಲಿ ಗಾಡಿ ನಿಲ್ಲಿಸಬೇಡಿ.